ಹರ್ಗಾ

ಬಾಗಿಲ ಚೌಕಟ್ಟಿನ ಮೊಳೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ
ನನ್ನ ಸೂಟ್‌ಕೇಸು ತೂಗುತ್ತಿದ್ದಾಳೆ ಮಾಣಕು ಚಿಕ್ಕಿ.
ನಿನ್ನೆ ಸಂಜೆ ಇದೇ ಕೊಕ್ಕೆಯಲ್ಲಿ ಇಸವಾಣ ನೇತಾಡಿತ್ತು.
ಇಪ್ಪತ್ಮೂರು ಕಿಲೋ ದಾಟಿದರೆ ದಂಡ, ಅಂದೆ.
"ಯಾರಿಗೆ ಕೊಡೂದು ದಂಡ? ಇಮಾನದವ್ರಿಗಾ?"
ಒಣ ಬಂಗಡೆಯ ಇನ್ನೊಂದು ಪೊಟ್ಟಣ ತುರುಕಿದಳು.
ಮುಳ್ಳು ಇಪ್ಪತ್ನಾಲ್ಕಕ್ಕೆ ಹೋಗಿ
ಅಲ್ಲೇ ನಡುಗುತ್ತ ನಿಂತಿತು.

ಹನ್ನೊಂದು ವರ್ಷ.
ಜಕಾರ್ತಾದ ಉತ್ತರದ ಅಂಚಿಗೆ, ಶೆಟ್ಲಿ ರಫ್ತಿನ ಕಾರ್ಖಾನೆಯಲ್ಲಿ
ಬಿಳಿ ಗಂಬೂಟು, ಬಿಳಿ ಟೊಪ್ಪಿ,
ಬೆರಳು ಮರಗಟ್ಟುವ ತನಕ
ತಲೆ ಕಿತ್ತ ಶೆಟ್ಲಿ ಮೂಸಿ ಪಾಸು, ಫೇಲು ಬರೆಯುವ ಕೆಲಸ.
ಅವ್ವ ಬುಟ್ಟಿ ಹೊತ್ತು ಮಾಡಿದ್ದನ್ನೇ
ನಾನು ಡಿಗ್ರಿ ಓದಿ ಮಾಡುತ್ತೇನೆ. ಸಂಬಳ ಬೇರೆ.

ಲೆಕ್ಕ ಹಾಕು ಅಂದರೆ ಹಾಕಬಲ್ಲೆ.
ಅಲ್ಲಿ ರಾತ್ರಿ ಹನ್ನೊಂದಕ್ಕೆ, ಗುರುತಿಲ್ಲದವನ ಬೈಕಿನ ಹಿಂದೆ ಕೂತು
ರೂಮಿಗೆ ಬರುತ್ತೇನೆ, ದಾರಿಯಲ್ಲಿ ಹುರಿದ ಬಾಳೆಹಣ್ಣು ಕೊಂಡು.
ಯಾರ ಮಗಳೆಂದು ಯಾರೂ ಕೇಳುವುದಿಲ್ಲ.
ಯಾರ ಮಗಳೆಂದು ಯಾರೂ ಕೇಳುವುದಿಲ್ಲ:
ಜ್ವರ ಬಂದ ದಿನ ಇದೇ ಸಾಲು
ತಕ್ಕಡಿಯ ಆಚೆ ತಟ್ಟೆಗೆ ಬೀಳುತ್ತದೆ.

ಮನೆಯೊಡತಿ ಯಾತಿಯಮ್ಮನ ಭಾಷೆಯಲ್ಲಿ
ನಮ್ಮ ಮಾತುಗಳು ವೇಷ ಕಟ್ಟಿಕೊಂಡು ಓಡಾಡುತ್ತವೆ.
ಮುಖಕ್ಕೆ ಮುಕಾ. ಗಂಡನಿಗೆ ಸುವಾಮಿ.
ಮೊದಲ ವಾರ ಆಕೆ, "ನಿನ್ನ ಸುವಾಮಿ ಎಲ್ಲಿ?" ಅಂದಾಗ
ಯಾರೋ ಮಠದವರೆಂದುಕೊಂಡು
ಗೋಕರ್ಣದ ಕಡೆ ಇರಬೇಕು, ಅಂದುಬಿಟ್ಟೆ.
ಇವತ್ತಿಗೂ ಓಣಿಯವರೆಲ್ಲ ಕೇಳುತ್ತಾರೆ,
ಗೋಕರ್ಣದವನು ಯಾವಾಗ ಬರುತ್ತಾನೆ?

ಮತ್ತೆ, ಬೆಲೆಗೆ ಹರ್ಗಾ.
ಮೀನು ಪೇಟೆಯ ಮೊದಲ ಬೆಳಗು, ಮಂಜುಗಡ್ಡೆಯ ಕೆಸರಲ್ಲಿ
ಯಾರೋ ಹಿಂದಿನಿಂದ ಕೂಗಿದರು: ಹರ್ಗಾ? ಹರ್ಗಾ?
ತಿರುಗಿ ನೋಡಿದೆ,
ನಮ್ಮೂರ ಹೆಸರು ಕೂಗಿದವರಾರು ಅಂತ.

ಅರ್ಗಾ. ನೌಕಾನೆಲೆ ಬರುವ ಮುಂಚೆ ನಮ್ಮದು.
ನನಗೆ ಹನ್ನೆರಡು. ಲಾರಿಯ ಮೇಲೆ
ಬಲೆ, ಒರಳು, ಹಂಚು, ಕೋಳಿಗೂಡು,
ಎಲ್ಲದರ ತುದಿಗೆ ಅಳುತ್ತಲೂ ಇಲ್ಲದ ಚಿಕ್ಕಿ.
ಗುಂಟೆಗೆ ಇಂತಿಷ್ಟು ಎಂದು ಬರೆದ ಕಾಗದ
ಅವಳ ಕುಪ್ಪಸದಲ್ಲಿ ಬೆವರಿ, ಶಾಯಿ ಮೊಲೆಗೆ ಹತ್ತಿತ್ತು.
ಒಂದು 'ಹ' ಹೆಚ್ಚಾದರೆ ಬೆಲೆ, ಬಿದ್ದರೆ ಊರು.
ಇಷ್ಟನ್ನು ಕಲಿಯಲು ಅಷ್ಟು ದೂರ ಹೋಗಬೇಕಾಯಿತೆ?

ಅವಳಿಗೆ ಆ ನಗರ ಮುಳುಗುತ್ತಿರುವ ಸುದ್ದಿ ಹೇಳಿದೆ.
ಗೋಡೆಯ ಈಚೆ ರಸ್ತೆ, ಆಚೆ
ರಸ್ತೆಗಿಂತ ಎತ್ತರದಲ್ಲಿ ಸಮುದ್ರ;
ರಾಜಧಾನಿಯನ್ನೇ ಎತ್ತಿ ಬೇರೆ ದ್ವೀಪಕ್ಕೆ ಒಯ್ಯುತ್ತಾರೆ, ಚಿಕ್ಕಿ.
ಅವಳು ಬಂಗಡೆಯ ಉಪ್ಪು ಕೊಡವುತ್ತ:
"ಹೌದನೇ? ಗುಂಟೆಗೆ ಎಷ್ಟಂತೆ?"

ಆಮೇಲೆ ಟ್ರಂಕಿನಿಂದ ಅವಳ ಪಾಸು ತೆಗೆದು ತೋರಿಸಿದಳು.
ವರ್ಷಕ್ಕೊಮ್ಮೆ ಬೇಲಿಯೊಳಗಿನ ಚೌಡಿಗೆ ಹೂವಿಟ್ಟು
ನಾಲ್ಕರೊಳಗೆ ಹೊರಬೀಳಲು.
ನಾನು ನನ್ನ ವಾಸದ ಕಾರ್ಡು ತೆಗೆದೆ, ಮಾರ್ಚಿಗೆ ಮುಗಿಯುತ್ತದೆ.
ಎರಡೂ ಫೋಟೋದಲ್ಲಿ ಒಂದೇ ಮೂಗು,
ಕದ್ದು ಸಿಕ್ಕಿಬಿದ್ದವರ ಕಣ್ಣು.
"ನಿಂದು ಪ್ಲಾಸ್ಟಿಕಿಂದು, ಚೆಂದ ಇದೆ," ಅಂದಳು.

ಇಪ್ಪತ್ತೈದು ವರ್ಷದಿಂದ ಈ ಕಾಲನಿಯಲ್ಲಿದ್ದಾಳೆ.
ಇನ್ನೂ 'ಮನೆಗೆ ಹೋಗಿ ಬಂದೆ' ಅನ್ನುವುದು ಆ ನಾಲ್ಕು ಗಂಟೆಗಳಿಗೆ.
ಇಲ್ಲಿಗೆ ಅವಳ ಮಾತಲ್ಲಿ ಬರೀ 'ಇಲ್ಲಿ'.

ಫೋನು ಗುಂಯ್ ಅಂತು. ಯಾತಿಯಮ್ಮ:
ಮಳೆನೀರು ಮೆಟ್ಟಿಲ ತನಕ ಬಂದಿದೆ,
ನಿನ್ನ ಚಪ್ಪಲಿಗಳನ್ನು ಮೇಲಿಟ್ಟಿದ್ದೇನೆ,
ಯಾವಾಗ ಮನೆಗೆ ಬರುತ್ತೀ?
ಅದೇ ಹೊತ್ತಿಗೆ ಒಳಗಿಂದ ಚಿಕ್ಕಿ:
"ಮತ್ತೆ ಯಾವಾಗ್ಲೇ ಬರೂದು?"

ಇಬ್ಬರಿಗೂ ಉತ್ತರಿಸದೆ ಕೊಕ್ಕೆಯ ಕೆಳಗೆ ಕುಕ್ಕುರುಗೂತೆ.
ಒಂದು ಪೊಟ್ಟಣ ತೆಗೆದರೆ ಇಪ್ಪತ್ಮೂರು.
ಚಿಕ್ಕಿ ಬಂದು ಸೂಟ್‌ಕೇಸಿನ ಅಡಿಗೆ
ಯಾರಿಗೂ ಕಾಣದಂತೆ ಕಾಲ್ಬೆರಳು ಕೊಟ್ಟಳು,
ಗಿರಾಕಿಗೆ ತೂಗುವಾಗ ಹೆಬ್ಬೆರಳು ಒತ್ತುವವಳು,
"ನೋಡು, ಸರಿ ಆಯ್ತು."